ಬಿಟ್ಟು ಹೋಗುವ ಮಾತು ಮೊದಲು

‘ಸರ್, ಯಾವ ಕಂಪನಿ ಹೋಸ್ಟಿಂಗ್ ಚಲೋ ಐತ್ರಿ?’ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಇದರದ್ದೇ ಕಾರುಬಾರು. ಕೇಳುವವರು ಇಳಕಲ್ಲಿನ ಸೀರೆ ಅಂಗಡಿಯವರಿರಬಹುದು, ಗುಳೇದಗುಡ್ಡದ ಖಣದ ವ್ಯಾಪಾರಿ ಇರಬಹುದು. ನಾನು ಹೆಸರು ಹೇಳುವುದಿಲ್ಲ. ಈ ವರ್ಷ ಚಲೋ ಇದ್ದ ಕಂಪನಿ ಬರುವ ವರ್ಷ ಇನ್ನೊಬ್ಬರ ಕೈ ಸೇರಿರುತ್ತದೆ. ನನ್ನದು ಒಂದೇ ಮರುಪ್ರಶ್ನೆ: ನಾಳೆ ಅಲ್ಲಿಂದ ಹೊರಬೀಳಬೇಕಾದರೆ ಏನೇನು ಒಯ್ಯಲು ಬಿಡುತ್ತಾರೆ, ಕೇಳಿದ್ದೀರಾ?

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರಿನ ದೊಡ್ಡ ಪಾಲು ನವನಗರಕ್ಕೆ ಎದ್ದು ಬಂತು. ಮನೆಯ ಜೊತೆ ವಿಳಾಸವೂ ಹೋಯಿತು, ಓಣಿಯ ಹೆಸರಿನ ಜಾಗದಲ್ಲಿ ಸೆಕ್ಟರ್ ನಂಬರ್ ಬಾಯಿಪಾಠ ಮಾಡಬೇಕಾಯಿತು. ವೆಬ್‌ಸೈಟಿನಲ್ಲಿ ಆ ಪಾಡಿಲ್ಲ. ಸರ್ವರ್ ಎಷ್ಟು ಸಲ ಬದಲಾದರೂ ವಿಳಾಸ ಅದೇ ಉಳಿಯುತ್ತದೆ. ಆದರೆ ಆ ವಿಳಾಸ, ಅಂದರೆ ಡೊಮೇನ್, ನಿಮ್ಮ ಹೆಸರಿನಲ್ಲಿ ಇರಬೇಕು.

ನಮ್ಮ ಕಡೆ ಅದೇ ಇರುವುದಿಲ್ಲ! ಸೈಟ್ ಮಾಡಿಕೊಟ್ಟ ಹುಡುಗ ತನ್ನ ಇ-ಮೇಲ್ ಕೊಟ್ಟು ಡೊಮೇನ್ ಕೊಂಡಿರುತ್ತಾನೆ. ಆಮೇಲೆ ಬೆಂಗಳೂರಿಗೆ ನೌಕರಿಗೆ ಹೋಗುತ್ತಾನೆ, ಫೋನ್ ನಂಬರ್ ಬದಲಾಗುತ್ತದೆ, ನವೀಕರಣದ ಸೂಚನೆಗಳೆಲ್ಲ ಅವನು ತೆರೆಯದ ಇನ್‌ಬಾಕ್ಸಿಗೆ ಬೀಳುತ್ತವೆ. ಹುಡುಗನ ತಪ್ಪೇನೂ ಇಲ್ಲ, ಮಾಲೀಕರು ಕೇಳಲೇ ಇಲ್ಲ. ಡೊಮೇನನ್ನು ನಿಮ್ಮ ಖಾತೆಯಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ, ಸಾಧ್ಯವಾದರೆ ಹೋಸ್ಟಿಂಗ್ ಕೊಡುವವರನ್ನು ಬಿಟ್ಟು ಬೇರೆ ಕಡೆ ಕೊಳ್ಳಿ. ‘ಡೊಮೇನ್ ಫ್ರೀ’ ಎಂಬ ಜಾಹೀರಾತು ನನಗೆ ರುಚಿಸುವುದಿಲ್ಲ. ಮನೆಯ ಬಾಡಿಗೆಯೂ ವಿಳಾಸವೂ ಒಬ್ಬನ ಕೈಯಲ್ಲಿದ್ದರೆ ಜಗಳದ ದಿನ ಎರಡೂ ಸಿಕ್ಕಿಬೀಳುತ್ತವೆ.

ಇನ್ನು ದರ. ದೊಡ್ಡ ಅಕ್ಷರದಲ್ಲಿ ಕಾಣುವ ತಿಂಗಳ ಬೆಲೆ ಸಾಮಾನ್ಯವಾಗಿ ಮೂರು ವರ್ಷದ ಹಣ ಒಮ್ಮೆಗೇ ಕಟ್ಟಿದರೆ ಮಾತ್ರ ಸಿಗುವಂಥದ್ದು. ಅದರ ಮೇಲೆ ಶೇ 18 ಜಿಎಸ್‌ಟಿ. ನೀವು ನೋಡಬೇಕಾದದ್ದು ನವೀಕರಣದ ದರ. ಅದು ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಮೊದಲ ಸಲ ಒಂದೇ ವರ್ಷಕ್ಕೆ ಕೊಳ್ಳಿ, ದುಬಾರಿ ಅನ್ನಿಸಿದರೂ. ಸೈಟಿನ ವಿಳಾಸಕ್ಕೆ ಬೀಗದ ಗುರುತು ತರುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರೆ ಎದ್ದು ಬನ್ನಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಅದನ್ನು ಪುಕ್ಕಟೆ ಕೊಡುತ್ತಿದೆ.

‘ಅನ್‌ಲಿಮಿಟೆಡ್ ಐತ್ರಿ’ ಅಂದರೆ ಕರಾರು ಪತ್ರದಲ್ಲಿ ‘ಐನೋಡ್’ ಎಂಬ ಶಬ್ದ ಹುಡುಕಿ. ಜಾಗಕ್ಕೆ ಮಿತಿ ಹಾಕದವರು ಕಡತಗಳ ಸಂಖ್ಯೆಗೆ ಹಾಕಿರುತ್ತಾರೆ. ಸೀರೆ ಅಂಗಡಿಗೆ ಇದು ಬೇಗ ತಟ್ಟುತ್ತದೆ. ಒಂದು ಸೀರೆಗೆ ಗೋಮಿ ದಡಿಯದೊಂದು, ತೋಪುತೆನಿ ಸೆರಗಿನದೊಂದು, ಕಸೂತಿಯದೊಂದು ಅಂತ ಫೋಟೊ ಏರಿಸುತ್ತೀರಿ. ವರ್ಡ್‌ಪ್ರೆಸ್ ಪ್ರತಿಯೊಂದಕ್ಕೂ ಬೇರೆ ಬೇರೆ ಅಳತೆಯ ನಕಲುಗಳನ್ನು ತಾನೇ ಮಾಡಿಟ್ಟುಕೊಳ್ಳುತ್ತದೆ. ‘99.9 ಅಪ್‌ಟೈಮ್’ ಎಂಬ ಭರವಸೆಯನ್ನೂ ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಸುಮಾರು ಒಂಬತ್ತು ತಾಸು ಸೈಟ್ ಬಿದ್ದುಕೊಂಡಿದ್ದರೂ ಅವರ ಮಾತು ತಪ್ಪಿದಂತಲ್ಲ. ಆ ಒಂಬತ್ತು ತಾಸು ದೀಪಾವಳಿಯ ಹಿಂದಿನ ದಿನವೇ ಬಂದರೆ ಕೇಳುವವರು ಯಾರು?

ಸರ್ವರ್ ಎಲ್ಲಿದೆ ಎಂಬುದಕ್ಕೂ ಬೆಲೆ ಇದೆ. ಅಮೆರಿಕದ ವರ್ಜೀನಿಯಾ ಇಲ್ಲಿಂದ ಸುಮಾರು 13,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿನಷ್ಟು ಓಡುತ್ತದೆ. ನೇರ ದಾರಿ ಇದ್ದರೂ ಹೋಗಿ ಬರಲು 130 ಮಿಲಿಸೆಕೆಂಡು, ಕೇಬಲ್ ಸುತ್ತು ಹಾಕುವುದರಿಂದ ಇನ್ನೂ ಹೆಚ್ಚು. ಒಂದು ಪುಟ ತೆರೆಯಲು ಇಂಥ ಹಲವು ಓಡಾಟ ಬೇಕು. ಅಮೆಜಾನ್ ಮುಂಬೈಯಲ್ಲಿ, ಡಿಜಿಟಲ್ ಓಶನ್ ಬೆಂಗಳೂರಿನಲ್ಲಿ 2016ರಲ್ಲೇ ಬಾಗಿಲು ತೆರೆದಿವೆ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ಗಿರಾಕಿ ಇರುವುದರಿಂದ ಆ ಅಂಗಡಿಗಳಿಗೆ ಮುಂಬೈ ಸರಿ ಎಂಬುದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಸೈಟ್ ಮಾಡುವವರಿಗೆ ಇನ್ನೊಂದು ಪರೀಕ್ಷೆ ಇದೆ, ಇಂಗ್ಲಿಷಿನವರು ಇದನ್ನು ಬರೆಯುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. ಸೈಟಿನ ಬರಹವನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ಮೈಎಸ್‌ಕ್ಯುಎಲ್. ಅದರ ಹಳೆಯ ಆವೃತ್ತಿಗಳು ತಾವಾಗಿ ಹಿಡಿಯುತ್ತಿದ್ದ ಲಿಪಿ-ವ್ಯವಸ್ಥೆ ಯುರೋಪಿನ ಭಾಷೆಗಳದ್ದು. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಇದು ಬದಲಾಯಿತು. ಹಳೆಯ ಸರ್ವರಿನಿಂದ ಮಾಹಿತಿ ಸಾಗಿಸುವಾಗ ಎಚ್ಚರ ತಪ್ಪಿದರೆ ‘ಚಿಕ್ಕಿ ಪರಾಸ್ ದಡಿ’ ಎಂದಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಹೀಗೆ ಕಳೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಕೊಂಡ ವಾರದಲ್ಲೇ ಒತ್ತಕ್ಷರ ತುಂಬಿದ ಒಂದು ಪುಟ ಬರೆದು ಏರಿಸಿ, ಡೇಟಾಬೇಸನ್ನು ಕೆಳಗಿಳಿಸಿ, ಬೇರೆ ಕಡೆ ತೆರೆದು ಓದಿ. ಹಣ ವಾಪಸಿನ ಅವಧಿ ಇರುವುದೇ ಇದಕ್ಕೆ.

ಅಲ್ಲಿಗೆ ಬ್ಯಾಕಪ್‌ನ ಮಾತು ಬಂತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಕೆಲವು ಗಿರಾಕಿಗಳ ಬ್ಯಾಕಪ್ಪೂ ಅಲ್ಲೇ ಇತ್ತು. ಸೈಟ್ ಹೋಯಿತು, ಅದರ ನಕಲೂ ಹೋಯಿತು. ‘ದಿನಾ ಬ್ಯಾಕಪ್ ತೆಗೀತೀವ್ರಿ’ ಎನ್ನುವವರಿಗೆ ಎರಡು ಮಾತು ಕೇಳಿ: ಅದು ಯಾವ ಕಟ್ಟಡದಲ್ಲಿದೆ? ಪೂರ್ತಿ ನಕಲನ್ನು ನಿಮ್ಮನ್ನು ಕೇಳದೆ ನಾನೇ ಇಳಿಸಿಕೊಳ್ಳಬಹುದೇ? ಸಿ-ಪ್ಯಾನೆಲ್ ಎಂಬ ನಿರ್ವಹಣಾ ತಂತ್ರಾಂಶ ಇರುವ ಕಡೆ ತೆಗೆದ ಪೂರ್ತಿ ನಕಲನ್ನು ಸಿ-ಪ್ಯಾನೆಲ್ ಇರುವ ಇನ್ನೊಂದು ಕಂಪನಿಯಲ್ಲಿ ಸುಲಭವಾಗಿ ಕೂರಿಸಬಹುದು. ಎಳೆದು ಅಂಟಿಸಿ ಸೈಟ್ ಕಟ್ಟುವ ಸೇವೆಗಳಲ್ಲಿ ಸಾಮಾನ್ಯವಾಗಿ ಈ ಅನುಕೂಲವಿಲ್ಲ. ನೋಡಲು ಚಂದ ಇರುತ್ತವೆ, ಆದರೆ ಬಿಡುವಾಗ ಕೈಗೆ ಹೆಚ್ಚೇನೂ ಬರುವುದಿಲ್ಲ.

ಹೋಗುವ ದಿನ ಬಂದರೆ ಡೊಮೇನ್ ಯಾವ ಸರ್ವರಿಗೆ ಸೇರಿದ್ದು ಎಂದು ಹೇಳುವ ಡಿಎನ್‌ಎಸ್‌ನಲ್ಲಿ, ಆ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕೆಂದು ತಿಳಿಸುವ ಟಿಟಿಎಲ್ ಎಂಬ ಅಂಕಿಯನ್ನು ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿಡಿ. ಹೊಸ ಸರ್ವರಿನಲ್ಲಿ ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೂ ಕೆಲವು ದಿನ ಹಳೆಯದನ್ನು ಮುಚ್ಚಬೇಡಿ.

ಬಾದಾಮಿಯ ಶಾಸನಗಳ ಫೋಟೊ, ಟಿಪ್ಪಣಿಗಳನ್ನು ಹಾಕಲು ಯಾವ ಪ್ಲ್ಯಾನ್ ಕೊಳ್ಳಲಿ ಎಂದು ಕೇಳುವ ಹವ್ಯಾಸಿಗಳೂ ಇದ್ದಾರೆ. ಅವರಿಗೆ ನನ್ನ ಉತ್ತರ: ಯಾವುದೂ ಬೇಡ. ಮೂರನೆಯ ಗುಹೆಯ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನದ ಪಾಠ ದಿನಾ ಬದಲಾಗುವುದಿಲ್ಲ, ಅದಕ್ಕೆ ಡೇಟಾಬೇಸ್ ಯಾಕೆ? ಬರೀ ಎಚ್‌ಟಿಎಂಎಲ್ ಪುಟ ಬರೆದು ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆ ಇಡಿ. ಒಂದು ಜಿಬಿಯ ಮಿತಿ ಇದೆ, ಫೋಟೊ ಕುಗ್ಗಿಸಿ ಹಾಕಿದರೆ ಧಾರಾಳ ಸಾಕು. ವ್ಯಾಪಾರದ ಸೈಟಿಗೆ ಅಲ್ಲಿ ಅನುಮತಿ ಇಲ್ಲ, ಹಾಗಾಗಿ ಸೀರೆಯವರು ಆಸೆಪಡಬೇಡಿ. ಹವ್ಯಾಸಿಗಳು ದುಡ್ಡು ಖರ್ಚು ಮಾಡಲೇಬೇಕೆಂದರೆ ಸ್ವಂತ ಹೆಸರಿನಲ್ಲಿ ಒಂದು ಡೊಮೇನ್ ಕೊಂಡುಕೊಳ್ಳಲಿ.