ಸಾಯಪಟ್ಟರೈ ವಿಳಾಸ

ತಿರುಪ್ಪೂರಿನಲ್ಲಿ ಎಷ್ಟೋ ಬನಿಯನ್ ಕಂಪನಿಗಳೆಂದರೆ ಒಂದು ಶೆಡ್ಡು, ಒಂದಿಷ್ಟು ಹೊಲಿಗೆ ಮಿಷನ್ನು, ಅಷ್ಟೆ. ನಿಟ್ಟಿಂಗ್ ಒಬ್ಬರಲ್ಲಿ, ಬಣ್ಣ ಇನ್ನೊಬ್ಬರಲ್ಲಿ, ಪ್ರಿಂಟಿಂಗ್ ಮತ್ತೆಲ್ಲೋ. ಎಲ್ಲ ಜಾಬ್ ವರ್ಕ್. ಅದೇ ಕೊಯಮತ್ತೂರಿನಲ್ಲಿ 1888ರಲ್ಲಿ ಸ್ಟೇನ್ಸ್ ಎಂಬವರು ಕಟ್ಟಿಸಿದ ಮಿಲ್ಲಿನ ಹೆಸರಲ್ಲೇ ಸ್ಪಿನ್ನಿಂಗ್, ವೀವಿಂಗ್ ಎರಡೂ ಇದ್ದವು. ಸಿ ಭಾಷೆಯಲ್ಲಿ ಸ್ಟ್ಯಾಟಿಕ್ ಲೈಬ್ರರಿ ಯಾವುದು, ಶೇರ್ಡ್ ಯಾವುದು ಎಂದು ಕೇಳಿದವರಿಗೆ ನಾನು ಈ ಎರಡೂರನ್ನು ತೋರಿಸುತ್ತೇನೆ.

ಆ ಮಿಲ್ಲಿನಂತೆ ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವ ಸ್ಟ್ಯಾಟಿಕ್ ಸುಲಭ. ಕಂಪೈಲಾದ ಡಾಟ್ ಓ ಫೈಲುಗಳನ್ನು ‘ಎಆರ್’ ಎಂಬ, 1971ರ ಯುನಿಕ್ಸ್‌ನಿಂದಲೂ ಇರುವ, ಮುದುಕ ಸಾಧನದಿಂದ ಕಟ್ಟು ಕಟ್ಟಿದರೆ ಡಾಟ್ ಎ ಸಿದ್ಧ. ಲಿಂಕರ್ ಬೇಕಾದ ಫೈಲುಗಳನ್ನಷ್ಟೇ ಬಿಚ್ಚಿ ಪ್ರೋಗ್ರಾಮಿನೊಳಗೆ ತುಂಬುತ್ತದೆ. ಆದರೆ ಅದು ಎಡದಿಂದ ಬಲಕ್ಕೆ ಓದುವ ಪ್ರಾಣಿ. ಯಾರೂ ಏನೂ ಕೇಳುವ ಮೊದಲೇ ಕಟ್ಟು ಎದುರಾದರೆ ಬಿಚ್ಚದೆ ದಾಟಿಹೋಗುತ್ತದೆ. ಆಮೇಲೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಗೊಣಗುತ್ತದೆ. ಲೈಬ್ರರಿಯ ಹೆಸರು ಕೊನೆಗಿರಲಿ. ಇದೊಂದು ಗೊತ್ತಿಲ್ಲದೆ ನಾನು ಕಳೆದ ರಾತ್ರಿಗಳ ಲೆಕ್ಕ ಬೇಡ.

ಶೇರ್ಡ್‌ಗೆ ಕಂಪೈಲ್ ಮಾಡುವಾಗ ‘ಎಫ್‌ಪಿಐಸಿ’ ಕೊಡಬೇಕು: ಮೆಮೊರಿಯಲ್ಲಿ ಎಲ್ಲಿ ಕೂರಿಸಿದರೂ ನಡೆಯುವ ಕೋಡ್. ಆಗ ಪ್ರೋಗ್ರಾಮಿನೊಳಗೆ ಉಳಿಯುವುದು ಲೈಬ್ರರಿಯ ಕೋಡಲ್ಲ, ಅದರ ಹೆಸರು. ಓಡಿಸುವ ಹೊತ್ತಿಗೆ ಲೋಡರ್ ಆ ಡಾಟ್ ಎಸ್‌ಓ ಫೈಲನ್ನು ಹುಡುಕಿ ತರುತ್ತದೆ. ಹತ್ತು ಪ್ರೋಗ್ರಾಮಿಗೂ ಮೆಮೊರಿಯಲ್ಲಿ ಅದರ ಕೋಡ್ ಒಂದೇ ಪ್ರತಿ.

ಸಿಕ್ಕದಿದ್ದರೆ? ಒಂದು ಬನಿಯನ್ ಕಂಪನಿಗೆ ಪೀಸ್ ಲೆಕ್ಕದ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಕುದುರೆಯಂತೆ ಓಡಿದ್ದು ಅಲ್ಲಿ ‘ಶೇರ್ಡ್ ಆಬ್ಜೆಕ್ಟ್ ಫೈಲ್ ತೆರೆಯಲಾಗದು’ ಎಂದು ಮಲಗಿತು. ಲೈಬ್ರರಿ ನನ್ನ ಹೋಮ್ ಫೋಲ್ಡರಿನಲ್ಲೇ ಇತ್ತು. ಯಾವ ಲೈಬ್ರರಿ ಎಲ್ಲಿದೆ ಎಂದು ತೋರಿಸುವ ‘ಎಲ್‌ಡಿಡಿ’ ಕೊಟ್ಟರೆ ಆ ಹೆಸರಿನ ಮುಂದೆ ‘ನಾಟ್ ಫೌಂಡ್’. ಮಾಲೀಕರು ಕನ್ನಡದ ದೇವಾಂಗರು, ಮೂರು ತಲೆಮಾರಿನಿಂದ ತಿರುಪ್ಪೂರಿನಲ್ಲೇ ಇರುವವರು. ಹಿಂದೆ ನಿಂತು ನೋಡಿ ಅಂದರು: “ಏನ್ ತಮ್ಮಾ, ಬಟ್ಟೆ ಇಲ್ಲಿಗ್ ಬಂತು, ಸಾಯಪಟ್ಟರೈ ಅಡ್ರೆಸ್ಸು ನಿನ್ ಮನೇಲೇ ಉಳೀತಾ?”

ಸಾಯಪಟ್ಟರೈ, ಅಂದರೆ ಬಣ್ಣದ ಘಟಕದ ಮಾತು ಅವರಿಗೆ ಹೇಳಿಕೊಡಬೇಕಿಲ್ಲ. ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು 2011ರ ಜನವರಿಯಲ್ಲಿ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನೆಲ್ಲ ಮುಚ್ಚಿಸಿದಾಗ, ತಮ್ಮದೇ ಮಿಷನ್ನುಗಳಿಗೆ ಏನೂ ಆಗದಿದ್ದರೂ ಬಣ್ಣಕ್ಕೆ ಅವನ್ನೇ ನಂಬಿದ್ದವರ ಕೆಲಸ ನಿಂತಿತು. ಶೇರ್ಡ್ ಅಂದರೆ ಇದೇ. ಹಾಗೆಂದು ಅದನ್ನು ಬಯ್ಯಲಾರೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ತೂತು ಬಯಲಾದಾಗ ಶೇರ್ಡ್ ಲೈಬ್ರರಿ ನಂಬಿದವರು ಅದೊಂದನ್ನು ಬದಲಿಸಿ ಸರ್ವರ್ ಮರುಶುರು ಮಾಡಿದರು. ಸ್ಟ್ಯಾಟಿಕ್ ಆಗಿ ತುಂಬಿಕೊಂಡವರು ಪ್ರತಿ ಪ್ರೋಗ್ರಾಮನ್ನೂ ಹೊಸದಾಗಿ ಕಟ್ಟಬೇಕಾಯಿತು.

ಮಾಲೀಕರಿಗೆ ಅಂದೇ ಡಾಟ್ ಎ ಸೇರಿಸಿ ಕೊಟ್ಟುಬಂದೆ. ತಿಂಗಳ ನಂತರ ನನ್ನ ಲೈಬ್ರರಿಯ ಲೆಕ್ಕದಲ್ಲೇ ತಪ್ಪು ಸಿಕ್ಕಿತು. ಅವರಲ್ಲಿ ಆಗ ಮೂರು ಕಂಪ್ಯೂಟರು, ಮೂರರಲ್ಲೂ ಅದೇ ಪ್ರೋಗ್ರಾಮು. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ತಿರುಪ್ಪೂರಿನ ಬಸ್ಸು ಹತ್ತಿದೆ.