ಜೀಪು ಹತ್ತಿದ್ದು ಗವರ್ನರ್ ಬಲದಿಂದ

ಈ ವಾರ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಕಾರ್ಬ್ಯುರೇಟರ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಕಾಯಲಿ. ಸಕಲೇಶಪುರದ ಕಡೆಯ ಓದುಗರೊಬ್ಬರ ಪತ್ರಕ್ಕೆ ತಡಮಾಡದೆ ಉತ್ತರಿಸಬೇಕಾಗಿದೆ, ಏಕೆಂದರೆ ಅವರ ಜೀಪು ಆಗಲೇ ಗ್ಯಾರೇಜಿನಲ್ಲಿ ನಿಂತಿದೆ. ಎಂವೈ ಅಕ್ಷರದ ನಂಬರಿನ ಸಿಜೆ-3ಬಿ. ಹುಟ್ಟಿದ್ದು ಪೆಟ್ರೋಲಿನಲ್ಲಿ. ಎಂಬತ್ತರ ದಶಕದಲ್ಲಿ ಅವರ ತಂದೆ ಹರಿಕೇನ್ ಇಳಿಸಿ ಪ್ಯೂಜೊ ಡೀಸೆಲ್ ಎಂಜಿನ್ ಕೂರಿಸಿದರು. ಹಿಂಬದಿಯ ಬಾಡಿ ಬಿಚ್ಚಿಸಿ ಪಿಕಪ್ ಮಾಡಿಕೊಂಡರು. ಅಂದಿನಿಂದ ಅದು ಗೊಬ್ಬರದ ಮೂಟೆ, ಕಾಫಿ ಚೀಲ ಹೊರುತ್ತಲೇ ಇದೆ. ಈಗ ಜೀಪು ಬಲ್ಲವರೆನಿಸಿಕೊಂಡ ಒಬ್ಬರು ಬಂದು ನೋಡಿ, “ಈ ಡೀಸೆಲನ್ನು ಮೊದಲು ಕಿತ್ತುಹಾಕಿ, ಮೂಲದ ಪೆಟ್ರೋಲ್ ಎಂಜಿನ್ ಹುಡುಕಿ ಕೂರಿಸಿ, ಇಲ್ಲದಿದ್ದರೆ ಇದಕ್ಕೆ ಬೆಲೆಯಿಲ್ಲ” ಅಂದರಂತೆ. ಹಾಗೆ ಮಾಡಲೇ ಎಂದು ಕೇಳಿದ್ದಾರೆ.

ಬೇಡ. ದಯವಿಟ್ಟು ಬೇಡ.

ಮೂಲದ ಎಂಜಿನ್ನೇ ಬೇಕೆನ್ನುವ ಈ ಮೂಲವಾದಿಗಳ ಜೊತೆ ನನ್ನ ಜಗಳ ಹಳೆಯದು, ನಿತ್ಯದ ಓದುಗರಿಗೆ ಗೊತ್ತು. ಹರಿಕೇನ್ ಬಗ್ಗೆ ನನಗೆ ಅನಾದರವಿಲ್ಲ. 2,199 ಸಿಸಿಯ ಆ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಹಿಂದಿನ ಎಂಜಿನ್ನಿಗಿಂತ ಎತ್ತರವಾಗಿದ್ದದ್ದರಿಂದಲೇ 1953ರಲ್ಲಿ ವಿಲ್ಲೀಸ್ ಕಂಪನಿ 3ಬಿಯ ಬಾನೆಟ್ಟನ್ನು ಎತ್ತರಿಸಿತು. ನಮ್ಮಲ್ಲಿ ಮಹೀಂದ್ರ ತಲೆಮಾರುಗಟ್ಟಲೆ ತಯಾರಿಸಿದ ಜೀಪಿನ ಆ ಮುಖ ಹುಟ್ಟಿದ್ದು ಹಾಗೆ. ಬೋರ್ 79.4 ಮಿ.ಮೀ., ಸ್ಟ್ರೋಕ್ 111.1. ಇಷ್ಟು ಉದ್ದದ ಸ್ಟ್ರೋಕಿನ ಪೆಟ್ರೋಲ್ ಎಂಜಿನ್ ಏರಿನಲ್ಲಿ ಚೆನ್ನಾಗಿಯೇ ಎಳೆಯುತ್ತದೆ. ಆದರೆ ಮೂಲವಾದಿಗಳು ಒಂದು ವಿಷಯ ಮರೆಯುತ್ತಾರೆ. ಮಲೆನಾಡಿನಲ್ಲಿ ಜೀಪು ಪ್ರದರ್ಶನದ ವಸ್ತುವಾಗಿರಲಿಲ್ಲ, ತೋಟದ ಆಳಾಗಿತ್ತು. 1973-74ರಲ್ಲಿ ಕಚ್ಚಾತೈಲದ ಬೆಲೆ ಜಗತ್ತಿನಾದ್ಯಂತ ನಾಲ್ಕು ಪಟ್ಟು ಏರಿದ ಮೇಲೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಸಿರಿವಂತರ ಇಂಧನವೆಂದು ತೆರಿಗೆ ಬಿತ್ತು. ಡೀಸೆಲನ್ನು ಬಸ್ಸು, ಲಾರಿ, ಬೇಸಾಯಕ್ಕೆಂದು ಅಗ್ಗವಾಗಿ ಇಡಲಾಯಿತು. ತೋಟದಲ್ಲಿ ಡೀಸೆಲ್ ಡ್ರಮ್ಮು ಹೇಗೂ ಇರುತ್ತಿತ್ತು: ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪಂಪ್‌ಸೆಟ್ಟಿಗೆ, ಕುಯ್ಲಿನ ದಿನಗಳಲ್ಲಿ ಪಲ್ಪರಿಗೆ, ಟ್ರ್ಯಾಕ್ಟರಿಗೆ. ಆ ಡ್ರಮ್ಮಿನಿಂದಲೇ ಜೀಪೂ ಕುಡಿಯುವ ಹಾಗಾದರೆ ಪೇಟೆಯ ಬಂಕಿಗೆ ಓಡುವುದೇ ತಪ್ಪುತ್ತಿತ್ತು.

ಬೆಲೆಯಷ್ಟೇ ಅಲ್ಲ. ಪೆಟ್ರೋಲ್ ಎಂಜಿನ್ ನಿಧಾನವಾಗಿ ಓಡುವಾಗ ಥ್ರಾಟಲ್ ಮುಚ್ಚಿಕೊಂಡಿರುತ್ತದೆ, ಪಿಸ್ಟನ್ ಪ್ರತಿ ಸಲವೂ ಅರೆಮುಚ್ಚಿದ ಬಾಯಿಂದ ಗಾಳಿ ಎಳೆಯಲು ಏದುಸಿರು ಬಿಡುತ್ತದೆ. ಡೀಸೆಲಿಗೆ ಥ್ರಾಟಲ್ಲೇ ಇಲ್ಲ. ಗಾಳಿ ಪೂರ್ತಿ ಬರುತ್ತದೆ, ಕಡಿಮೆಯಾಗುವುದು ಎಣ್ಣೆ ಮಾತ್ರ. ಕೆಲಸದವರನ್ನು ಇಳಿಸುತ್ತ, ಗೇಟು ತೆರೆಯುವವರೆಗೆ ನಿಂತು, ಮತ್ತೆ ಫಸ್ಟ್ ಗೇರಿನಲ್ಲಿ ತೆವಳುವ ತೋಟದ ಜೀಪಿನಲ್ಲಿ ಈ ವ್ಯತ್ಯಾಸ ಹೆದ್ದಾರಿಗಿಂತ ಎಷ್ಟೋ ಹೆಚ್ಚು. ಜೊತೆಗೆ ಲೀಟರಿಗೆ ಲೀಟರ್ ಹೋಲಿಸಿದರೂ ಡೀಸೆಲಿನಲ್ಲಿ ಹತ್ತು ಪ್ರತಿಶತಕ್ಕಿಂತ ಹೆಚ್ಚು ಶಕ್ತಿಯಿದೆ.

ಕೂರಿಸುವ ಕೆಲಸದ ವಿವರ ನಿಮಗೆಲ್ಲ ಗೊತ್ತಿದ್ದದ್ದೇ: ಅಡಾಪ್ಟರ್ ಪ್ಲೇಟ್, ಎಂಜಿನ್ ಫೌಂಡೇಶನ್, ಟ್ಯಾಂಕಿಗೆ ಮರಳಿ ಬರುವ ರಿಟರ್ನ್ ಪೈಪು, ದೊಡ್ಡ ಬ್ಯಾಟರಿ, ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ. ಹಳೆಯ 3ಬಿಯ ವೈಪರ್ ಮ್ಯಾನಿಫೋಲ್ಡಿನ ವ್ಯಾಕ್ಯೂಮಿನಿಂದ ಓಡುವಂಥದ್ದು. ಡೀಸೆಲಿನಲ್ಲಿ ಆ ವ್ಯಾಕ್ಯೂಮ್ ಇಲ್ಲವಾದ್ದರಿಂದ ಕರೆಂಟಿನ ವೈಪರ್ ಹಾಕಿಸಬೇಕು, ಇಲ್ಲದಿದ್ದರೆ ಆಷಾಢದ ಮಳೆಯಲ್ಲಿ ಮುಂದೇನೂ ಕಾಣದು. ಇದರಲ್ಲಿ ಒಂದನ್ನು ಮಾತ್ರ ಒತ್ತಿ ಹೇಳಬೇಕು. ಅಡಾಪ್ಟರ್ ಪ್ಲೇಟಿನ ಬೋಲ್ಟುಗಳೆಲ್ಲ ಸರಿಯಾಗಿ ಕೂತರೆ ಕೆಲಸ ಮುಗಿಯಿತೆಂದು ತಿಳಿಯುವವರಿದ್ದಾರೆ. ಮುಗಿದಿಲ್ಲ. ಕ್ರ್ಯಾಂಕಿನ ಮಧ್ಯರೇಖೆಯೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮಧ್ಯರೇಖೆಯೂ ಒಂದೇ ಗೆರೆಯಲ್ಲಿರಬೇಕು. ಕೂದಲೆಳೆಯಷ್ಟು ಸರಿದರೂ ಗಾಡಿ ಓಡುತ್ತದೆ, ಮೊದಲ ದಿನ ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಸ್ಪಿಗಟ್ ಬುಷ್ ಸವೆಯುತ್ತದೆ, ಇನ್‌ಪುಟ್ ಬೇರಿಂಗ್ ಕೂಗುತ್ತದೆ, ಕ್ಲಚ್ ಪ್ಲೇಟಿನ ನಡುವಿನ ಹಬ್ ಬಿಟ್ಟುಕೊಳ್ಳುತ್ತದೆ, ಟಾಪ್ ಗೇರ್ ತಾನಾಗಿ ಜಾರುತ್ತದೆ. ಅಷ್ಟರಲ್ಲಿ ಎಲ್ಲರೂ ಡೀಸೆಲ್ ಎಂಜಿನ್ನನ್ನು ಬೈಯುತ್ತಿರುತ್ತಾರೆ. ತಪ್ಪು ಲೇತಿನದು. ಒಳ್ಳೆಯ ಲೇತ್ ಮಿಸ್ತ್ರಿ ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಕೈಯಿಂದ ಒಂದು ಸುತ್ತು ತಿರುಗಿಸಿ, ಹೌಸಿಂಗಿನ ತೂತಿನ ಸುತ್ತ ಮುಳ್ಳು ಅಲುಗದೆ ಇರುವುದನ್ನು ನೋಡಿಯೇ ಡೋವೆಲ್ ಪಿನ್ ಹೊಡೆಯುತ್ತಾನೆ. ಸಕಲೇಶಪುರದ ಆ ಜೀಪು ಇಷ್ಟು ವರ್ಷ ಒಂದೇ ಗೇರ್‌ಬಾಕ್ಸಿನಲ್ಲಿ ಓಡಿದೆ ಎಂದು ಪತ್ರದಲ್ಲಿದೆ. ಅಂದರೆ ಅವರ ತಂದೆಗೆ ಅಂಥ ಮಿಸ್ತ್ರಿ ಸಿಕ್ಕಿದ್ದ. ಆ ಕೆಲಸವನ್ನು ಕಿತ್ತುಹಾಕಿ ಎನ್ನುವುದು ಹೇಗೆ?

ಇನ್ನು ಯಾವ ಎಂಜಿನ್ ಎಂಬ ವಿಚಾರ. ಜನ ಮೊದಲು ಕೂರಿಸಿದ್ದು ಬಿ-275 ಟ್ರ್ಯಾಕ್ಟರಿನ ಇಂಟರ್‌ನ್ಯಾಷನಲ್ ಎಂಜಿನ್ನನ್ನು. ಗಟ್ಟಿಮುಟ್ಟು, ಆದರೆ ಅದರ ನೆಮ್ಮದಿ ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ. ಜೀಪಿನ ಕ್ರೌನ್ ಪಿನಿಯನ್ 5.38. ಟಾಪ್ ಗೇರ್ ನೇರ. 6.00-16 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಲೆಕ್ಕ ಹಾಕಿ: 2,000 ಸುತ್ತಿಗೆ ಗಂಟೆಗೆ 49 ಕಿ.ಮೀ. ಹಾಸನದಿಂದ ಬೆಂಗಳೂರಿಗೆ ಹೊರಟವನು ಇದರಲ್ಲಿ ಕಿರುಚಿಸಿಕೊಂಡೇ ಹೋಗಬೇಕು. 4.27ರ ಕ್ರೌನ್ ಪಿನಿಯನ್ ಹಾಕಿಸಿದರೆ ಅದೇ ಸುತ್ತಿಗೆ 62. ಆದರೆ ಹಿಂದಕ್ಕೆ ಮಾತ್ರ ಹಾಕಿಸಿದರೆ ಸಾಲದು, ಮುಂದಿನ ಆಕ್ಸಲಿಗೂ ಅದೇ ಹಲ್ಲಿನ ಲೆಕ್ಕ ಬೇಕು. ಇಲ್ಲದಿದ್ದರೆ ಫೋರ್‌ವೀಲ್ ಹಾಕಿದ ಕ್ಷಣ ಮುಂದಿನ ಚಕ್ರ, ಹಿಂದಿನ ಚಕ್ರ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ಮ್ಯಾಟಡಾರ್ ವ್ಯಾನಿನ ಎಂಜಿನ್ ಕೂರಿಸಿದವರೂ ಇದ್ದರು. ಮರ್ಸಿಡಿಸಿನ ಓಎಂ616, 2.4 ಲೀಟರಿನ ಉತ್ತಮ ಎಂಜಿನ್. ಆದರೆ ಗಾತ್ರ, ತೂಕ ಎರಡರಲ್ಲೂ ಜೀಪಿನ ಮೂತಿಗೆ ಭಾರ.

ಪ್ಯೂಜೊ ಗೆದ್ದದ್ದು ಇಲ್ಲಿ. 1979ರಲ್ಲಿ ಮಹೀಂದ್ರ ಲೈಸೆನ್ಸ್ ಪಡೆದ ಎಕ್ಸ್‌ಡಿಪಿ 4.90. ಹೆಸರಿನಲ್ಲೇ ಲೆಕ್ಕವಿದೆ: ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, ಗಾತ್ರ 2,112 ಸಿಸಿ. ಕಾರಿಗೆಂದು ಮಾಡಿದ ಎಂಜಿನ್ ಆದ್ದರಿಂದ ಪೆಟ್ರೋಲ್ ಎಂಜಿನ್ನಿನಷ್ಟೇ ಸುತ್ತುತ್ತದೆ, ಹಾಗಾಗಿ 5.38 ಅದಕ್ಕೆ ಹೊರೆಯಲ್ಲ. ಗೇರ್‌ಬಾಕ್ಸ್, ಆಕ್ಸಲ್ ಮುಟ್ಟದೆ ಕೂರಿಸಬಹುದು.

ಇಲ್ಲಿಂದ ಮುಂದೆ ಎಫ್‌ಸಿ-150 ಪಿಕಪ್ಪಿನ ಬಗ್ಗೆ, ಚಾಲಕನ ಮೊಣಕಾಲಿನ ಪಕ್ಕದಲ್ಲೇ ಎಂಜಿನ್ ಇರುವ ಆ ಗಾಡಿಗೆ ಡೀಸೆಲ್ ಕೂರಿಸುವ ಪಾಡಿನ ಬಗ್ಗೆ ಹೇಳಬೇಕೆಂದಿದ್ದೆ. ಅದಕ್ಕಿಂತ ಮುಖ್ಯವಾದದ್ದೊಂದನ್ನು ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಡೀಸೆಲ್ ಪರ ವಾದಿಸುವವರೂ ತಪ್ಪಾಗಿಯೇ ಹೇಳುತ್ತ ಬಂದಿದ್ದಾರೆ. “ಡೀಸೆಲ್‌ಗೆ ಟಾರ್ಕ್ ಜಾಸ್ತಿ, ಅದಕ್ಕೇ ಏರು ಹತ್ತುತ್ತೆ.” ಅಂಕಿ ನೋಡಿ. ಹರಿಕೇನಿನ ಟಾರ್ಕ್ 2,000 ಸುತ್ತಿನಲ್ಲಿ 15.8 ಕೆಜಿ-ಮೀಟರ್. ಎಕ್ಸ್‌ಡಿಪಿಯದು 12ರ ಆಸುಪಾಸು. ಅಮೆರಿಕದವರ ಹಳೆಯ ಅಳತೆ ಫ್ಯಾನು, ಸೈಲೆನ್ಸರ್ ಬಿಚ್ಚಿಟ್ಟು ಅಳೆದದ್ದು ಎಂದು ಒಂದಿಷ್ಟು ಕಳೆದರೂ ಪೆಟ್ರೋಲೇ ಮುಂದು. ಹಾಗಾದರೆ ಅದೇ ತೋಟದ ಅದೇ ಏರನ್ನು ಡೀಸೆಲ್ ಜೀಪು ಸಲೀಸಾಗಿ ಹತ್ತುತ್ತದೆ ಎಂದು ಎಲ್ಲ ಡ್ರೈವರುಗಳೂ ಹೇಳುವುದೇಕೆ? ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕೈಯಲ್ಲಿ, ಕಾಲಲ್ಲಿ ತಿಳಿದದ್ದು ಗವರ್ನರ್.

ಕಾರ್ಬ್ಯುರೇಟರ್ ಎಂಜಿನ್ ಐಡಲ್‌ನಲ್ಲಿರುವಾಗ ಚಕ್ರಕ್ಕೆ ಕಲ್ಲು ಅಡ್ಡ ಬಂತೆನ್ನಿ. ಸುತ್ತು ಇಳಿಯುತ್ತದೆ, ಇಳಿದ ಸುತ್ತಿಗೆ ಗಾಳಿಯ ಸೆಳೆತ ಕಡಿಮೆ, ಮಿಶ್ರಣ ಕೆಡುತ್ತದೆ, ಎಂಜಿನ್ ಆಫ್. ಡ್ರೈವರ್ ಕಾಲಿನಿಂದ ತಕ್ಷಣ ಆಕ್ಸಿಲರೇಟರ್ ಕೊಡಬೇಕು. ಹೆಚ್ಚಾದರೆ ಚಕ್ರ ತಿರುಗಿ ಕೆಸರು ತೋಡುತ್ತದೆ. ಡೀಸೆಲ್ ಪಂಪಿನೊಳಗೆ ಸುತ್ತುವ ತೂಕಗಳಿವೆ, ಅವುಗಳಿಗೆದುರಾಗಿ ಸ್ಪ್ರಿಂಗ್ ಇದೆ. ಸುತ್ತು ಒಂದಿಷ್ಟು ಇಳಿದ ಕ್ಷಣ ತೂಕಗಳು ಒಳಸರಿಯುತ್ತವೆ, ಸ್ಪ್ರಿಂಗ್ ಗೆಲ್ಲುತ್ತದೆ, ಎಣ್ಣೆ ತಾನಾಗಿ ಹೆಚ್ಚುತ್ತದೆ. ಕಲ್ಲು ದಾಟಿದ ಮೇಲೆ ತಾನಾಗಿ ಕಡಿಮೆಯಾಗುತ್ತದೆ. ಲೋ ಗೇರ್ ಹಾಕಿ, ಕಾಲು ಪೆಡಲಿನಿಂದ ತೆಗೆದು, ಸ್ಟೀರಿಂಗ್ ಹಿಡಿದು ಕೂತರೆ ಜೀಪು ಬೇರು, ಬಂಡೆ, ಜಾರು ಮಣ್ಣನ್ನು ಒಂದೇ ಹೆಜ್ಜೆಯಲ್ಲಿ ದಾಟಿಕೊಂಡು ಹೋಗುತ್ತದೆ. ಅದಕ್ಕೆ ಬೇಕಾದದ್ದು ತುತ್ತತುದಿಯ ಟಾರ್ಕ್ ಅಲ್ಲ; ಬೇಕಾದ ಹೊತ್ತಿಗೆ, ಬೇಕಾದಷ್ಟು, ಕೇಳದೆಯೇ ಸಿಗುವ ಟಾರ್ಕ್. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಇಟ್ಟು ಇದನ್ನೇ ಮಾಡಿಸಿ ದೊಡ್ಡ ಹೆಸರು ಕೊಟ್ಟು ಮಾರುತ್ತಾರೆ. ನಮ್ಮ ಹಳೆಯ ಪಂಪು ಅದನ್ನು ಒಂದು ಹಿಡಿ ಉಕ್ಕಿನಲ್ಲಿ ಮಾಡುತ್ತಿತ್ತು.

ಆ ಪಂಪಿಗೂ ನಮ್ಮ ನಾಡಿಗೂ ನಂಟಿದೆ. 1951ರಲ್ಲಿ ಶುರುವಾದ ಮೈಕೊ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಬಾಷ್ ವಿನ್ಯಾಸದ ಫ್ಯುಯೆಲ್ ಇಂಜೆಕ್ಷನ್ ಪಂಪು, ನಾಜಲ್ಲುಗಳನ್ನು ತಯಾರಿಸಿತು. ಹಾಸನ, ಚಿಕ್ಕಮಗಳೂರಿನಂಥ ಊರುಗಳಲ್ಲಿ ಪಂಪ್ ಕ್ಯಾಲಿಬ್ರೇಷನ್ ಮಾಡುವ ಅಂಗಡಿಗಳು ತಲೆಯೆತ್ತಿದ್ದು ಆ ಸರಕಿನ ಬೆನ್ನಿಗೆ. ದೂರದ ಊರಿನಿಂದ ಭಾಗ ತರಿಸದೆ, ಬೆಳಿಗ್ಗೆ ಕೊಟ್ಟ ಪಂಪನ್ನು ಸಂಜೆ ತರಬಹುದಾಗಿದ್ದರಿಂದಲೇ ಡೀಸೆಲ್ ಮಲೆನಾಡಿನಲ್ಲಿ ಬೇರು ಬಿಟ್ಟಿತು.

ಇನ್ನೊಬ್ಬರ ಋಣವೂ ಇದೆ, ಎಂಜಿನಿಯರ್ ಹ್ಯಾರಿ ರಿಕಾರ್ಡೊ ಅವರದು. ಹೈಸ್ಪೀಡ್ ಎಂಜಿನ್ನುಗಳ ಬಗ್ಗೆ ಅವರು ಬರೆದ ಗ್ರಂಥಕ್ಕೆ ನಾನು ಮತ್ತೆ ಮತ್ತೆ ಮರಳುತ್ತೇನೆ. ಅವರ ವಿಚಾರ ಸರಳ: ಎಣ್ಣೆಯ ಹನಿಗಳನ್ನು ಗಾಳಿ ಹುಡುಕಿಕೊಂಡು ಹೋಗಲು ಕಳಿಸಬಹುದು, ಅಥವಾ ಗಾಳಿಯನ್ನೇ ಸುಳಿಯಾಗಿ ತಿರುಗಿಸಿ ಎಣ್ಣೆಯ ಬಳಿ ತರಬಹುದು. ಅವರು ಎರಡನೆಯದನ್ನು ಆರಿಸಿಕೊಂಡರು. 1931ರ ಕಾಮೆಟ್ ಚೇಂಬರ್ ಎಂದರೆ ಹೆಡ್ಡಿನೊಳಗಿನ ಒಂದು ಪುಟ್ಟ ಗುಂಡು ಕೋಣೆ. ಓರೆ ಸಂದಿನಿಂದ ನುಗ್ಗುವ ಗಾಳಿ ಅಲ್ಲಿ ಸುಳಿ ಸುತ್ತುತ್ತದೆ. ಲಂಡನ್ನಿನ ಎಇಸಿ ಬಸ್ಸುಗಳಿಗೆ ಬಂದ ಆ ವಿದ್ಯೆಯೇ ಪ್ಯೂಜೊ ಹೆಡ್ಡಿನಲ್ಲೂ ಇದೆ. ಗಾಳಿಯೇ ಕೆಲಸ ಮಾಡುವುದರಿಂದ ನಾಜಲ್ಲಿಗೆ ಒಂದೇ ತೂತು ಸಾಕು, ಒತ್ತಡವೂ ಕಡಿಮೆ ಸಾಕು. ನಾಜಲ್ ಅಷ್ಟಿಷ್ಟು ಸವೆದರೂ ಎಂಜಿನ್ ಓಡುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಕೋಣೆಯ ಗೋಡೆ ಶಾಖ ಹೀರುವುದರಿಂದ ನೇರ ಇಂಜೆಕ್ಷನ್ ಎಂಜಿನ್ನಿಗಿಂತ ಎಣ್ಣೆ ಹೆಚ್ಚು ಬೇಕು, ಚಳಿಯಲ್ಲಿ ಹೀಟರ್ ಪ್ಲಗ್ ಇಲ್ಲದೆ ಸ್ಟಾರ್ಟ್ ಆಗದು. ಹಾಗೆಂದು ಈಗಿನ ಕಾಮನ್ ರೈಲ್ ಟರ್ಬೊ ಎಂಜಿನ್ನುಗಳನ್ನು ಹಳೆಯ ಜೀಪಿಗೆ ತುರುಕುವ ಗೀಳನ್ನು ನಾನು ಒಪ್ಪುವುದಿಲ್ಲ. ಜೀಪಿನ ಟಿ-90 ಗೇರ್‌ಬಾಕ್ಸಿನ ಹಲ್ಲು ಆ ಟಾರ್ಕಿಗೆ ಮಾಡಿದ್ದಲ್ಲ. ಒಂದು ಸೆನ್ಸರ್ ತೇವ ಹಿಡಿದರೆ ತೋಟದ ನಡುವೆ ಗಾಡಿ ಸತ್ತು ನಿಲ್ಲುತ್ತದೆ, ಬಿಚ್ಚಿ ನೋಡಲು ಅಲ್ಲಿ ಏನೂ ಇರುವುದಿಲ್ಲ.

ಮತ್ತೆ ಪತ್ರಕ್ಕೆ ಬರುತ್ತೇನೆ. ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡುಗಳದ್ದು. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹೊಸದಾಗಿ ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ಬರೆಸುವ ಹಾದಿ ಬಹಳ ಕಿರಿದಾಗಿದೆ. ಆದರೆ ಅವರ ತಂದೆ ಆ ಕಾಲದಲ್ಲೇ ಆರ್‌ಟಿಒ ಕಚೇರಿಯಲ್ಲಿ ಹೊಸ ಎಂಜಿನ್ ನಂಬರು, ‘ಡೀಸೆಲ್’ ಎಂಬ ಪದ ಎರಡನ್ನೂ ಬರೆಸಿಟ್ಟಿದ್ದಾರೆ. ಈಗ ಹರಿಕೇನ್ ಕೂರಿಸಿದರೆ ಅದೂ ಎಂಜಿನ್ ಬದಲಾವಣೆಯೇ, ಅದಕ್ಕೂ ಒಪ್ಪಿಗೆ ಬೇಕು. ಮೂಲ, ಮೂಲ ಎನ್ನುವವರು ಈ ಮಾತನ್ನು ಎತ್ತುವುದೇ ಇಲ್ಲ.

ಇನ್ನು ಗ್ಯಾರೇಜಿನ ಮಾತು. ಬೆಳಿಗ್ಗೆ ಸ್ಟಾರ್ಟ್ ಆದಾಗ ಬರುವ ಬಿಳಿ ಹೊಗೆ ನೋಡಿ ಗ್ಯಾರೇಜಿನವರು ಎಂಜಿನ್ ಮುಗಿಯಿತು ಅಂದಿದ್ದಾರಂತೆ. ಹೆಡ್ ಬಿಚ್ಚಲು ಬಿಡಬೇಡಿ. ಎಂಜಿನ್ ಕಾದ ಮೇಲೆ ಹೊಗೆ ನಿಲ್ಲುತ್ತದೆಯೇ ನೋಡಿ. ನಿಂತರೆ, ನಾಲ್ಕರಲ್ಲಿ ಒಂದೋ ಎರಡೋ ಹೀಟರ್ ಪ್ಲಗ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಒಂದೊಂದಾಗಿ ಬಿಚ್ಚಿ, ಬ್ಯಾಟರಿಗೆ ಹಿಡಿದು, ಕೆಂಪಾಗುತ್ತದೆಯೇ ಪರೀಕ್ಷಿಸಲಿ. ನಿಲ್ಲದಿದ್ದರೆ ನಾಜಲ್ಲುಗಳನ್ನು ತೆಗೆಸಿ ಪಂಪಿನ ಅಂಗಡಿಗೆ ಕಳಿಸಿ, ಆಮೇಲೆ ಕಂಪ್ರೆಷನ್ ಅಳೆಸಿ. ಜೊತೆಗೆ ರೇಡಿಯೇಟರ್ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ಟಿನ ಮಾತು. ಏನು ಕಂಡುಬಂತೆಂದು ಬರೆಯಿರಿ. ಎಫ್‌ಸಿ-150 ಮುಂದಿನ ವಾರ, ಕಾರ್ಬ್ಯುರೇಟರ್ ಅದರ ಬೆನ್ನಿಗೆ.