ಬುಟ್ಟಿಗೆ ಬೆನ್ನು ಕೊಟ್ಟು ನಿಂತವನು

ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್ ಆಟಗಾರನ ಕೆಲಸ ಶುರುವಾಗುವುದೇ ಗುರಿಗೆ ಬೆನ್ನು ಹಾಕಿ. ಉಳಿದ ನಾಲ್ವರು ರಿಂಗನ್ನು ನೋಡುತ್ತಾ ಆಡುತ್ತಾರೆ. ಇವನು ರಿಂಗಿನ ಹತ್ತಿರ, ಎದುರಾಳಿಯ ಎದೆಗೆ ಬೆನ್ನೊತ್ತಿ ನಿಂತು ಚೆಂಡಿಗಾಗಿ ಕೈ ಚಾಚುತ್ತಾನೆ. ಹತ್ತು ಅಡಿ ಎತ್ತರದಲ್ಲಿರುವ ಆ ರಿಂಗ್ ಯಾವ ಕಡೆಗಿದೆ, ಎಷ್ಟು ದೂರದಲ್ಲಿದೆ ಎಂಬುದನ್ನು ಬೆನ್ನಿಗೆ ತಾಗಿದ ಮೈಯ ಭಾರವೇ ಅವನಿಗೆ ಹೇಳಬೇಕು. ರಿಂಗಿನ ಕೆಳಗೆ ಬಣ್ಣ ಬಳಿದ ಅಂಕಣದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆರು ಅಡಿ ಅಗಲವಿದ್ದ ಆ ಜಾಗವನ್ನು 1951ರಲ್ಲಿ ಹನ್ನೆರಡು ಅಡಿಗೆ ಹಿಗ್ಗಿಸಿದರು. ಏಕೆಂದರೆ ಎತ್ತರದ ಸೆಂಟರ್ ಜಾರ್ಜ್ ಮೈಕನ್ ಅಲ್ಲಿ ನಿಂತರೆ ಯಾರಿಂದಲೂ ತಡೆಯಲಾಗುತ್ತಿರಲಿಲ್ಲ. 1964ರಲ್ಲಿ ಅದನ್ನು ಹದಿನಾರು ಅಡಿಗೆ ಏರಿಸಿದರು. ಆಗ ಇನ್ನೊಬ್ಬ ಎತ್ತರದ ಸೆಂಟರ್ ವಿಲ್ಟ್ ಚೇಂಬರ್ಲೇನ್ ಕಾಲ. ಎತ್ತರದವರನ್ನು ರಿಂಗಿನಿಂದ ದೂರ ತಳ್ಳಲು ಅಂಗಳವನ್ನೇ ತಿದ್ದಿದ ಆಟವಿದು. ದೂರ ತಳ್ಳಿದ ಮೇಲೆ, ಬರೀ ಎತ್ತರವಿದ್ದರೆ ಸಾಲದು, ಹೆಜ್ಜೆಯೂ ಬೇಕಾಯಿತು.

ಆ ಹೆಜ್ಜೆಯ ಸೊಬಗು ತುಂಬಿ ನಿಂತದ್ದು ಹಕೀಂ ಒಲಾಜುವನ್‌ನಲ್ಲಿ. ನೈಜೀರಿಯದ ಲಾಗೋಸ್‌ನಲ್ಲಿ 1963ರಲ್ಲಿ ಹುಟ್ಟಿದವನು. ತಂದೆ ತಾಯಿ ಸಿಮೆಂಟ್ ವ್ಯಾಪಾರ ಮಾಡುತ್ತಿದ್ದರು. ಹುಡುಗ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್, ಜೊತೆಗೆ ಹ್ಯಾಂಡ್‌ಬಾಲ್ ಆಟಗಾರ. ಬ್ಯಾಸ್ಕೆಟ್‌ಬಾಲ್ ಚೆಂಡು ಕೈಗೆ ಬಂದದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಅಷ್ಟು ತಡವಾಗಿ ಬಂದದ್ದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ಎತ್ತರದ ಹುಡುಗನನ್ನು ಎಳವೆಯಲ್ಲೇ ರಿಂಗಿನ ಕೆಳಗೆ ನಿಲ್ಲಿಸಿಬಿಟ್ಟಿದ್ದರೆ ಅವನ ಕಾಲು ಕಂಬವಾಗುತ್ತಿತ್ತು. ಫುಟ್‌ಬಾಲ್ ಆ ಕಾಲುಗಳಿಗೆ ಓಟ ಕಲಿಸಿತ್ತು, ತಟ್ಟನೆ ತಿರುಗುವುದನ್ನು ಕಲಿಸಿತ್ತು. ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಬೇಸಿಗೆಗಳಲ್ಲಿ ಅದೇ ಊರಿನ ಫಾಂಡೆ ಕ್ರೀಡಾಕೇಂದ್ರದಲ್ಲಿ ಮೋಸೆಸ್ ಮಲೋನ್‌ನಂಥ ಕಟ್ಟುಮಸ್ತಾದ ವೃತ್ತಿಪರ ಸೆಂಟರ್ ಜೊತೆ ಮೈಗೆ ಮೈ ಒಡ್ಡಿ ಆಡಿದ. ಗಟ್ಟಿತನ ಅಲ್ಲಿ ಬಂತು. 1984ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡ ಅವನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಮೈಕೆಲ್ ಜೋರ್ಡಾನ್ ಮೂರನೆಯವನಾಗಿ ಆಯ್ಕೆಯಾದ ವರ್ಷ ಅದು.

ಅವನ ಹೆಸರಾಂತ ಚಲನೆಗೆ ‘ಡ್ರೀಮ್ ಶೇಕ್’ ಎನ್ನುತ್ತಾರೆ. ನಿಧಾನಗತಿಯಲ್ಲಿ ನೋಡಿದರೆ ಅದು ಒಂದೇ ಚಲನೆಯಲ್ಲ, ಪ್ರಶ್ನೆಗಳ ಸರಣಿ. ಚೆಂಡು ಹಿಡಿದ ಕೂಡಲೇ ಎಡ ಹೆಗಲನ್ನು ಚೂರು ಇಳಿಸುತ್ತಾನೆ. ಕಾವಲಿಗ ಆ ಕಡೆ ವಾಲಿದರೆ ಬಲಕ್ಕೆ ತಿರುಗಿ, ಹಿಂದಕ್ಕೆ ಓಲಾಡುತ್ತಾ ಜಿಗಿದು ಎಸೆಯುತ್ತಾನೆ. ವಾಲದೆ ನಿಂತರೆ ಎಡಕ್ಕೇ ನುಗ್ಗುತ್ತಾನೆ. ಎಸೆತವನ್ನು ತಡೆಯಲು ಕಾವಲಿಗ ಜಿಗಿದನೋ, ಎತ್ತಿದ ಚೆಂಡನ್ನು ಮತ್ತೆ ಎದೆಗೆ ಇಳಿಸಿಕೊಂಡು, ನೆಲಕ್ಕೂರಿದ ಕಾಲನ್ನು ಕದಲಿಸದೆ ಇನ್ನೊಂದು ಕಾಲನ್ನು ಆ ಗಾಳಿಯಲ್ಲಿರುವವನ ಪಕ್ಕದಲ್ಲಿ ಮುಂದಿಡುತ್ತಾನೆ. ನಮ್ಮೂರ ಶಾಲೆ ಮೈದಾನದಲ್ಲಿ ಕಬಡ್ಡಿ ನೋಡಿದವರಿಗೆ ಈ ಸುಖ ಗೊತ್ತು: ನುರಿತ ರೈಡರ್ ಕಾಲು ಎತ್ತುವಂತೆ ತೋರಿಸಿ ಎತ್ತದೆ, ಹಿಡಿಯಲು ಬಂದವನ ಭಾರವೆಲ್ಲ ತಪ್ಪು ಕಾಲಿನ ಮೇಲೆ ಬಿದ್ದ ಕ್ಷಣದಲ್ಲಿ ಬೆರಳು ತಾಗಿಸಿ ಮರಳುತ್ತಾನಲ್ಲ, ಅದೇ. ವ್ಯತ್ಯಾಸವೆಂದರೆ ಹಕೀಂ ಅದನ್ನು ಏಳಡಿಯ ಆಸುಪಾಸಿನ ದೇಹದಲ್ಲಿ, ಎದುರಾಳಿಯ ಮುಖ ನೋಡದೆ ಮಾಡುತ್ತಿದ್ದ.

1995ರ ಪಶ್ಚಿಮ ವಿಭಾಗದ ಫೈನಲ್. ಎದುರಿಗೆ ಸ್ಯಾನ್ ಆಂಟೋನಿಯೊ ತಂಡದ ಡೇವಿಡ್ ರಾಬಿನ್ಸನ್: ನೌಕಾಪಡೆಯಲ್ಲಿ ದುಡಿದು ಬಂದವನು, ಆ ಋತುವಿನ ಅತ್ಯಮೂಲ್ಯ ಆಟಗಾರ. ಎರಡನೇ ಪಂದ್ಯಕ್ಕೆ ಮುಂಚೆ, ತವರಿನ ಜನರ ಮುಂದೆ, ಹಕೀಂ ನೋಡುತ್ತಿರುವಾಗಲೇ ರಾಬಿನ್ಸನ್‌ಗೆ ಆ ಪ್ರಶಸ್ತಿ ಕೊಟ್ಟರು. ಆಮೇಲೆ ಆಟ. ಹಕೀಂ 41 ಅಂಕ ಗಳಿಸಿದ. ಆ ರಾತ್ರಿಯ ಒಂದು ಆಟವನ್ನು ಇಂದಿಗೂ ತೋರಿಸುತ್ತಾರೆ. ಹಕೀಂ ತಿರುಗಿ ಚೆಂಡೆತ್ತುತ್ತಾನೆ, ರಾಬಿನ್ಸನ್ ಜಿಗಿಯುತ್ತಾನೆ, ಹಕೀಂ ಎಸೆಯುವುದಿಲ್ಲ. ರಾಬಿನ್ಸನ್ ಇಳಿಯುವಷ್ಟರಲ್ಲಿ ಅವನ ಕೈಯಡಿಯಲ್ಲೇ ನುಸುಳಿ ಚೆಂಡನ್ನು ಬುಟ್ಟಿಗೆ ಹಾಕಿಬಿಡುತ್ತಾನೆ. ರಾಬಿನ್ಸನ್ ಕೆಟ್ಟ ಕಾವಲಿಗನಾಗಿದ್ದರೆ ಇದರಲ್ಲಿ ರಸವಿರುತ್ತಿರಲಿಲ್ಲ. ಅವನು ಚುರುಕು, ಬುದ್ಧಿವಂತ, ಪ್ರತಿ ಪ್ರಶ್ನೆಗೂ ಸರಿಯಾದ ಉತ್ತರವನ್ನೇ ಕೊಟ್ಟ. ಹಕೀಂ ಪ್ರಶ್ನೆಯನ್ನು ಬದಲಿಸಿದ್ದ. ಆರು ಪಂದ್ಯಗಳ ಆ ಸರಣಿಯಲ್ಲಿ ಹಕೀಂನ ಸರಾಸರಿ 35.3 ಅಂಕ. ಮುಂದೆ ಫೈನಲ್‌ನಲ್ಲಿ ಶಕೀಲ್ ಓನೀಲ್ ಇದ್ದ ಒರ್ಲ್ಯಾಂಡೊ ತಂಡ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು.

ಅದೇ ವರ್ಷದ ಫೆಬ್ರವರಿ ರಂಜಾನ್ ತಿಂಗಳಾಗಿತ್ತು. ಹಕೀಂ ಉಪವಾಸ ಬಿಡಲಿಲ್ಲ. ಹಗಲಿನ ಪಂದ್ಯಗಳಲ್ಲಿ ಒಂದು ಗುಟುಕು ನೀರೂ ಕುಡಿಯದೆ ಆಡಿದ. ಲೀಗ್‌ನ ತಿಂಗಳ ಶ್ರೇಷ್ಠ ಆಟಗಾರನ ಗೌರವ ಆ ಫೆಬ್ರವರಿಯಲ್ಲಿ ಅವನಿಗೇ ಬಂತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮೂರು ಜಂಗಮಕೋಟೆಯಲ್ಲಿ ಕೂತು ಈ ಹಳೆಯ ಪಂದ್ಯಗಳನ್ನು ನೋಡಲು ನನಗೆ ಸಿಗುವ ಹೊತ್ತು ರಾತ್ರಿ. ನಾವು ಸಾಕುವ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಹಿಪ್ಪುನೇರಳೆ ಸೊಪ್ಪಿಗೆ ಬಿಡುವಿರುವುದಿಲ್ಲ. ಒಂದು ಸರತಿ ಸೊಪ್ಪು ಹಾಕಿ ಇನ್ನೊಂದು ಸರತಿಗೆ ಕಾಯುವ ನಡುವೆ ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ನೋಡುತ್ತೇನೆ. ಅಂಕ ಗಳಿಸಿದ ಆಟಗಳಷ್ಟೇ ಪ್ರೀತಿಯಿಂದ ನಾನು ನೋಡುವುದು ತಡೆದ ಆಟಗಳನ್ನು. 1994ರ ಫೈನಲ್‌ನ ಆರನೇ ಪಂದ್ಯ: ಹ್ಯೂಸ್ಟನ್ 86, ನ್ಯೂಯಾರ್ಕ್ 84, ಕೊನೆಯ ಕ್ಷಣ. ನ್ಯೂಯಾರ್ಕ್‌ನ ಜಾನ್ ಸ್ಟಾರ್ಕ್ಸ್ ಮೂರು ಅಂಕದ ಗೆರೆಯಾಚೆಯಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದಿದ್ದರೆ ಕಿರೀಟ ನ್ಯೂಯಾರ್ಕ್‌ಗೆ. ತಾನು ಕಾಯಬೇಕಿದ್ದ ಪ್ಯಾಟ್ರಿಕ್ ಯೂಯಿಂಗ್‌ನನ್ನು ಬಿಟ್ಟು ಬಂದ ಹಕೀಂನ ಬೆರಳ ತುದಿ ಆ ಚೆಂಡಿಗೆ ಸೋಕಿತು. ಅಷ್ಟೇ. ಏಳನೇ ಪಂದ್ಯವನ್ನು 90–84ರಿಂದ ಗೆದ್ದು ರಾಕೆಟ್ಸ್ ಮೊದಲ ಬಾರಿ ಚಾಂಪಿಯನ್ ಆಯಿತು. ಹತ್ತು ವರ್ಷದ ಹಿಂದೆ ಕಾಲೇಜು ಫೈನಲ್‌ನಲ್ಲಿ ಹಕೀಂನ ತಂಡವನ್ನು ಸೋಲಿಸಿದ್ದು ಇದೇ ಯೂಯಿಂಗ್‌ನ ತಂಡ. ಹಕೀಂ ತಡೆದ ಎಸೆತಗಳ ಲೆಕ್ಕ 3,830. ಎನ್‌ಬಿಎಯಲ್ಲಿ ಅದನ್ನು ಇನ್ನೂ ಯಾರೂ ದಾಟಿಲ್ಲ. ಕಸಿದ ಚೆಂಡುಗಳು 2,162. ಈ ಎರಡನೆಯ ಸಂಖ್ಯೆ ನನಗೆ ಹೆಚ್ಚು ಇಷ್ಟ. ಕಸಿಯುವುದು ಕುಳ್ಳಗಿನ, ಚುರುಕು ಕೈಯ ಗಾರ್ಡ್‌ಗಳ ವಿದ್ಯೆ. ಸೆಂಟರ್ ಒಬ್ಬ ಅದರಲ್ಲಿ ಪಳಗಿದ್ದು ಅಪರೂಪ.

ನಮ್ಮ ಕಡೆಯ ಸೆಂಟರ್ ಎಂದರೆ ನನಗೆ ನೆನಪಾಗುವವರು ಕೋಟ್ಟಯಂ ಜಿಲ್ಲೆಯ ಗೀತು ಅನ್ನಾ ಜೋಸ್. ವಾಲಿಬಾಲ್‌ನಿಂದ ಬಂದವರು, ಆರು ಅಡಿ ಎರಡು ಅಂಗುಲ, ದಕ್ಷಿಣ ರೈಲ್ವೆಯ ಆಟಗಾರ್ತಿ. ಆಸ್ಟ್ರೇಲಿಯದ ರಿಂಗ್‌ವುಡ್ ಹಾಕ್ಸ್ ತಂಡಕ್ಕೆ ಆಡಿದರು, 2011ರಲ್ಲಿ ಅಮೆರಿಕದ ಮಹಿಳಾ ಲೀಗ್‌ನ ಆಯ್ಕೆ ಪರೀಕ್ಷೆಗೂ ಹೋಗಿಬಂದರು. 2014ರ ಅರ್ಜುನ ಪ್ರಶಸ್ತಿ ಅವರದು. ಮರುವರ್ಷ ಪಂಜಾಬಿನ ಏಳಡಿ ಎರಡಂಗುಲದ ಸತ್ನಾಮ್ ಸಿಂಗ್‌ನನ್ನು ಎನ್‌ಬಿಎಯ ಡಲ್ಲಾಸ್ ತಂಡ ಆರಿಸಿಕೊಂಡಾಗ ಪತ್ರಿಕೆಗಳೆಲ್ಲ ಅವನ ಎತ್ತರವನ್ನೇ ಬರೆದವು. ಗೀತು ಅವರ ಹೆಸರು ಅದರ ಅರ್ಧದಷ್ಟೂ ಜನರ ಬಾಯಲ್ಲಿಲ್ಲ ಎಂಬುದು ನನಗೆ ನೋವಿನ ಸಂಗತಿ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಏಷ್ಯಾ ಕಪ್‌ನ ಬಿ ವಿಭಾಗವನ್ನು ಕಜಕಸ್ತಾನದ ಎದುರು 75–73ರಲ್ಲಿ ಗೆದ್ದರು. ಅಲ್ಲೇ ಎ ವಿಭಾಗದಲ್ಲಿ, ಎತ್ತರದಲ್ಲಿ ಹಿಂದಿದ್ದ ಜಪಾನ್ ಆಸ್ಟ್ರೇಲಿಯವನ್ನು ಒಂದೇ ಅಂಕದಿಂದ ಮಣಿಸಿತು. ಹೆಜ್ಜೆ ಎತ್ತರವನ್ನು ಗೆಲ್ಲುವುದನ್ನು ನೋಡಲು ಹ್ಯೂಸ್ಟನ್‌ವರೆಗೆ ಹೋಗಬೇಕಿರಲಿಲ್ಲ.

ಹಕೀಂನ ಕೊನೆಯ ಋತು ಟೊರಾಂಟೊದಲ್ಲಿ, 2001–02ರಲ್ಲಿ. ಬೆನ್ನು ಸೋತಿತ್ತು, ಅಂಕಗಳ ಸರಾಸರಿ ಏಳರ ಹತ್ತಿರಕ್ಕೆ ಇಳಿದಿತ್ತು. ಅದನ್ನು ನಾನು ಹೆಚ್ಚು ನೋಡುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಕೋಬಿ ಬ್ರಯಂಟ್, ಡ್ವೈಟ್ ಹೊವಾರ್ಡ್, ಲೆಬ್ರಾನ್ ಜೇಮ್ಸ್ ಒಬ್ಬೊಬ್ಬರಾಗಿ ಅವನ ಬಳಿಗೆ ಹೋಗಿ ಹೆಜ್ಜೆ ಕಲಿತರು. ಇವರಲ್ಲಿ ಸೆಂಟರ್ ಹೊವಾರ್ಡ್ ಒಬ್ಬನೇ ಎಂಬುದನ್ನು ಗಮನಿಸಬೇಕು. ನೋಡುವ ಮನಸ್ಸಾದವರು ರಾಬಿನ್ಸನ್ ಎದುರಿನ ಆ ಎರಡನೇ ಪಂದ್ಯದಿಂದಲೇ ಶುರುಮಾಡಿ. ಮೊದಲ ಸಲ ಚೆಂಡನ್ನು ನೋಡಿ. ಎರಡನೇ ಸಲ ಚೆಂಡನ್ನು ಬಿಟ್ಟು ಹಕೀಂನ ಸೊಂಟದ ಕೆಳಗೆ ಮಾತ್ರ ಕಣ್ಣಿಡಿ.